ಟೇಪಕ್ಕ ಕೋರ್ಸು ಆರಿಸಿದ ಬಗೆ

ಆ ಅಂಗಡಿಗೆ ಬಾಗಿಲು ಒಂದೇ, ಕಸುಬು ಎರಡು. ಒಳಗೆ ಕಾಲಿಟ್ಟರೆ ಎಡಕ್ಕೆ ಅಣ್ಣನ ಸೈಕಲ್ ರಿಪೇರಿ, ಬಲಕ್ಕೆ ತಂಗಿಯ ಹೊಲಿಗೆ. ನಡುವೆ ಗೋಡೆ ಇರಲಿಲ್ಲ. ಗ್ರೀಸು ಬಟ್ಟೆಗೆ ಹತ್ತುತ್ತದೆ ಎಂದು ತಂಗಿ, ದಾರದ ಎಳೆ ಚೈನಿಗೆ ಸುತ್ತಿಕೊಳ್ಳುತ್ತದೆ ಎಂದು ಅಣ್ಣ, ದಿನಕ್ಕೊಮ್ಮೆಯಾದರೂ ಮುಖ ಊದಿಸಿಕೊಳ್ಳುತ್ತಿದ್ದರು. ತಂಗಿಗೆ ನಲವತ್ತೆರಡು ವರ್ಷ. ಬೆಳಿಗ್ಗೆ ಕೊರಳಿಗೆ ಹಾಕಿಕೊಂಡ ಅಳತೆಯ ಟೇಪನ್ನು ಊಟಕ್ಕೆ ಕೂತಾಗಲೂ ತೆಗೆಯದ ಕಾರಣ ಬೀದಿಗೆಲ್ಲ ಆಕೆ ಟೇಪಕ್ಕ. ಸಿಟ್ಟು ಬಂದಾಗ ಒಡಹುಟ್ಟಿದ ಅಣ್ಣನೂ ಹಾಗೇ ಕರೆಯುತ್ತಿದ್ದ.

ಇದೆಲ್ಲ ಶುರುವಾದದ್ದು ಹಲ್ಲಿನ ಡಾಕ್ಟರಿಂದ. ಆಕೆ ಅಣ್ಣನ ಹತ್ತಿರ ಒಂದು ಒಳ್ಳೆಯ ಸೈಕಲ್ ಕೊಂಡಿದ್ದರು. ಕೊಂಡ ತಿಂಗಳಲ್ಲೇ ಮೂರನೇ ಸಲ ಅಂಗಡಿಗೆ ಬಂದರು. ಅಣ್ಣ ಅಷ್ಟರಲ್ಲಿ ಹ್ಯಾಂಡಲ್ಲಿಗೆ ಮೆತ್ತನೆಯ ಪಟ್ಟಿ ಸುತ್ತಿಕೊಟ್ಟಿದ್ದ, ದಪ್ಪ ಕೈಗವಸನ್ನೂ ಕೊಟ್ಟಿದ್ದ. ಇನ್ನು ಕೊಡಲು ಅವನ ಬಳಿ ಏನೂ ಉಳಿದಿರಲಿಲ್ಲ.

“ಬೆರಳು ಜೋಮು ಹಿಡಿಯೋದು ನಿಂತೇ ಇಲ್ಲ,” ಎಂದರು ಡಾಕ್ಟರು. “ನಾನು ಹಲ್ಲು ಕೀಳೋಳು. ನನ್ನ ಕೈ ನನ್ನ ಮಾತು ಕೇಳ್ದಿದ್ರೆ ಯಾರದೋ ಒಳ್ಳೇ ಹಲ್ಲು ಕಿತ್ಕೊಂಡು ಬರುತ್ತೆ.”

ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಟೇಪಕ್ಕ ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು. “ಡಾಕ್ಟ್ರೇ, ಹೋದ ವರ್ಷ ನಿಮ್ಮ ಕೋಟಿನ ತೋಳು ಒಂದೂವರೆ ಇಂಚು ಮಡಚಿಕೊಟ್ಟಿದ್ದೆ, ನೆನಪಿದೆಯಾ? ನಿಮ್ಮ ಎತ್ತರಕ್ಕೆ ತೋಳು ಗಿಡ್ಡ. ಆ ಹ್ಯಾಂಡಲ್ ನಿಮಗೆ ದೂರ ಆಯ್ತು. ಎಟುಕಿಸ್ಕೊಳ್ಳೋಕೆ ಹೋಗಿ ಮೈಭಾರ ಎಲ್ಲ ಅಂಗೈ ಮೇಲೆ ಬೀಳ್ತಿದೆ.”

“ಇದು ಸೈಕಲ್ಲು ಕಣೇ, ಕೋಟಲ್ಲ,” ಎಂದ ಅಣ್ಣ.

“ಒಳಗಿರೋ ಮೈ ಒಂದೇ ಅಲ್ವಾ?”

ಅಣ್ಣ ಗೊಣಗುತ್ತಲೇ ಹ್ಯಾಂಡಲ್ಲನ್ನು ಎರಡು ಬೆರಳಿನಷ್ಟು ಹತ್ತಿರಕ್ಕೆ ತಂದ. ವಾರ ಕಳೆದ ಮೇಲೆ ಡಾಕ್ಟರು ಬಂದು ಹತ್ತೂ ಬೆರಳನ್ನು ಅವನ ಮೂಗಿನ ಮುಂದೆ ಆಡಿಸಿ ತೋರಿಸಿದರು. ಅಲ್ಲಿಂದ ಸುದ್ದಿ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಿತು. ಮಂಡಿ ನೋವಿನವರು, ಕುತ್ತಿಗೆ ಹಿಡಿದುಕೊಂಡವರು, ಸೀಟಿನ ಮೇಲೆ ಕೂರಲಾಗದವರು ಎಲ್ಲ ಸೈಕಲ್ ತಳ್ಳಿಕೊಂಡು ಬಂದು ಬಲಗಡೆಯ ಬೆಂಚಿನ ಮೇಲೆ ಕೂರತೊಡಗಿದರು. ಇಪ್ಪತ್ತು ವರ್ಷದಿಂದ ಆ ಬೀದಿಗೆ ಪೇಪರ್ ಹಂಚುವ ಪೇಪರ್ ಮಾಮನೂ ಬಂದ. ಸೀಟಿನ ಮೇಲೆ ಅವನು ಒಂದು ಕಡೆ ವಾಲಿಕೊಂಡು ಕೂರುತ್ತಿದ್ದ. ಟೇಪಕ್ಕ ಅವನ ಪ್ಯಾಂಟಿನ ಎಡಗಾಲಿನ ಅಂಚು ನೆಲಕ್ಕೆ ಉಜ್ಜಿ ಹರಿದಿರುವುದನ್ನು ನೋಡಿ, “ಎಡಗಾಲು ಗಿಡ್ಡ, ಅಷ್ಟೇ,” ಎಂದು ಅವನ ಎಡ ಬೂಟಿನ ಅಟ್ಟೆಗೆ ಬೆರಳು ದಪ್ಪದ ಚರ್ಮ ಅಂಟಿಸಿಕೊಟ್ಟಳು. ಮಾಮ ಕೈಮುಗಿದು ಹೋದ.

ಆಗಲೇ ಡಾಕ್ಟರು ಇನ್ನೊಂದು ಮಾತು ತಂದರು. ಆಕೆ ಊರಿನ ಸೈಕಲ್ ಸಂಘದ ಕಾರ್ಯದರ್ಶಿಯೂ ಹೌದು. “ಸಂಘದ ಅರವತ್ತು ಜನರನ್ನೂ ನಿಮ್ಮ ಹತ್ತಿರಾನೇ ಕಳಿಸ್ತೀನಿ. ಆದ್ರೆ ಸಮಿತಿಯವರು ಸರ್ಟಿಫಿಕೇಟ್ ಕೇಳ್ತಾರೆ. ಸವಾರರ ಮೈಗೆ ಸೈಕಲ್ ಹೊಂದಿಸೋ ನಿಮ್ಮ ಈ ಕೆಲಸಕ್ಕೆ ಬೈಕ್ ಫಿಟ್ಟರ್ ಅಂತ ಹೆಸರಿದೆ, ಕೋರ್ಸೂ ಇದೆ. ಒಂದು ಮಾಡ್ಕೊಂಡುಬಿಡಿ.”

ಆ ಸಂಜೆ ಊಟದ ಮೇಜಿನ ಸುತ್ತ ಎಲ್ಲರ ಬಾಯಲ್ಲೂ ಅದೇ ಮಾತು. ಕಾಲೇಜಿಗೆ ಹೋಗುವ ಅಣ್ಣನ ಮಗಳು ಮೊಬೈಲು ಹಿಡಿದು ಓದಿದಳು. “ಅತ್ತೆ, ಇದು ನೋಡಿ. ಎರಡೇ ದಿನ. ಹಾಸಿಗೆ ಮೇಲೆ ಕೂತ್ಕೊಂಡು ವಿಡಿಯೋ ನೋಡಿದ್ರಾಯ್ತು, ಫಿಟ್ಟರ್ ಆಗಿಬಿಡ್ತೀರ.”

“ಹಾಸಿಗೆ ಮೇಲೆ ಕೂತು ಕಲಿತ ಡಾಕ್ಟರ ಹತ್ತಿರ ನೀನು ಹಲ್ಲು ಕೀಳಿಸ್ಕೋತೀಯಾ?” ಎಂದರು ಅತ್ತಿಗೆ. ಆ ಕೋರ್ಸಿನ ಕಥೆ ಅಲ್ಲಿಗೇ ಮುಗಿಯಿತು.

ಉಳಿದದ್ದು ಎರಡು. ಒಂದನ್ನು ನಡೆಸುವವರು ಅಳತೆಯ ಯಂತ್ರ ಮಾರುವ ಕಂಪನಿಯವರು. ನಾಲ್ಕು ದಿನ, ಗಾಜಿನ ಕಟ್ಟಡ, ಕ್ಯಾಮೆರಾ, ಕಂಪ್ಯೂಟರು, ಕೊನೆಗೆ ಕಟ್ಟು ಹಾಕಿಸಿದ ಸರ್ಟಿಫಿಕೇಟು. ಇನ್ನೊಂದು ಈಜುಕೊಳದ ಹಿಂದಿನ ಕೋಣೆಯಲ್ಲಿ, ಹತ್ತು ವಾರ, ಪ್ರತಿ ಶನಿವಾರ, ಭಾನುವಾರ, ಕೊನೆಗೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು. ಮೊದಲ ಮೂರು ವಾರ ಸೈಕಲ್ ಮುಟ್ಟುವಂತಿಲ್ಲ ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು.

“ಸೈಕಲ್ ಮುಟ್ಟದೆ ಸೈಕಲ್ ಕೋರ್ಸು!” ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ನೀರು ಮುಟ್ಟದೆ ಈಜೂ ಕಲಿಸ್ತಾರೇನೋ ಕೇಳು. ಸುಮ್ನೆ ಕಂಪನಿ ಕೋರ್ಸಿಗೆ ಸೇರ್ಕೋ.”

“ಬಟ್ಟೆ ತಗೊಳ್ಳೋ ಮುಂಚೆ ಒಂದೆಳೆ ಎಳೆದು ನೋಡ್ತೀನಿ. ಇದನ್ನೂ ನೋಡಿಯೇ ತಗೊಳ್ಳೋದು,” ಎಂದಳು ಟೇಪಕ್ಕ.

ಕಂಪನಿಯವರು ಆಸಕ್ತರಿಗೆ ಒಂದು ಮಧ್ಯಾಹ್ನ ಎಲ್ಲ ಮಾಡಿ ತೋರಿಸುತ್ತೇವೆ ಎಂದು ಕರೆದಿದ್ದರು. ಅಣ್ಣ ಹೊಸ ಅಂಗಿ ತೊಟ್ಟು ಜೊತೆಗೆ ಹೊರಟ. ಅಲ್ಲಿ ಯಾರಾದರೂ ಯಂತ್ರದ ಸೈಕಲ್ ಹತ್ತುತ್ತೀರಾ ಎಂದು ಕೇಳಿದ್ದೇ ತಡ, ಅವನೇ ಮುಂದೆ ನುಗ್ಗಿದ. ತರಬೇತುದಾರ ಅವನ ಭುಜ, ಸೊಂಟ, ಮಂಡಿಗೆಲ್ಲ ಬಿಳಿ ಚುಕ್ಕಿ ಅಂಟಿಸಿದ. ಅಣ್ಣ ಪೆಡಲ್ ತುಳಿದಂತೆ ಪರದೆಯ ಮೇಲೆ ಅವನದೇ ಮೈ ಕೆಂಪು ಗೆರೆಗಳಾಗಿ ಕುಣಿಯಿತು. ಗುಂಡಿ ಒತ್ತಿದಾಗ ಸೀಟು ತಾನೇ ಮೇಲೇರಿತು, ಹ್ಯಾಂಡಲ್ ತಾನೇ ಕೆಳಗಿಳಿಯಿತು. ಕೆಂಪು ಗೆರೆಗಳೆಲ್ಲ ಹಸಿರಾದವು.

“ಪರ್ಫೆಕ್ಟ್!” ಎಂದ ತರಬೇತುದಾರ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಣ್ಣನ ಹೊಟ್ಟೆ ಮಡಚಿಕೊಂಡು ಉಸಿರು ಮೇಲೆ ಬರುತ್ತಿರಲಿಲ್ಲ. ಮುಖ ಹರಳೆಣ್ಣೆ ಕುಡಿದವರ ಹಾಗಾಗಿತ್ತು.

“ಸಾರ್, ಅವರ ಮುಖ ನೋಡಿದ್ರಾ?” ಎಂದಳು ಟೇಪಕ್ಕ.

ತರಬೇತುದಾರ ಪರದೆಯನ್ನೇ ಇನ್ನೊಮ್ಮೆ ನೋಡಿದ. “ಮುಖಕ್ಕೆ ಸೆನ್ಸರ್ ಇಲ್ಲ ಮೇಡಂ,” ಎಂದ, ಪಾಪ, ವಿನಯವಾಗಿಯೇ.

ಅಣ್ಣ ಇಳಿದು ಕಾಲು ಅಗಲಿಸಿಕೊಂಡು ಬಸ್ ನಿಲ್ದಾಣದವರೆಗೆ ನಡೆದ. ಆದರೂ ದಾರಿಯುದ್ದಕ್ಕೂ, “ಏನೇ ಅನ್ನು, ಮೆಷಿನ್ನು ಮಾತ್ರ ಚೆನ್ನಾಗಿತ್ತು,” ಎನ್ನುವುದನ್ನು ಬಿಡಲಿಲ್ಲ.

ಶನಿವಾರ ಟೇಪಕ್ಕ ಒಬ್ಬಳೇ ಈಜುಕೊಳಕ್ಕೆ ಹೋದಳು. ಹಿಂದಿನ ಕೋಣೆಯಲ್ಲಿ ಕ್ಲೋರಿನ್ ವಾಸನೆ. ಒಂದು ಉದ್ದನೆಯ ಬೆಂಚು, ಒಂದು ಹಳೆ ಸೈಕಲ್ಲು, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ. ಯಾರೋ ಅದರ ತಲೆಗೆ ಈಜುವವರ ಟೋಪಿ ಹಾಕಿದ್ದರು. ಟೀಚರಿಗೆ ಅರವತ್ತು ದಾಟಿತ್ತು. ಆಸ್ಪತ್ರೆಯಲ್ಲಿ ಕಾಲು ಮುರಿದವರನ್ನು ಮತ್ತೆ ನಡೆಸುವ ಕೆಲಸ ಮಾಡಿ ನಿವೃತ್ತರಾದವರು. ‘ಬನ್ನಿ, ಕೂತ್ಕೊಳ್ಳಿ’ ಎಂಬ ಮಾತೇನೂ ಇಲ್ಲ, ನೇರ ಕೆಲಸಕ್ಕೇ ಇಳಿದರು.

“ಈ ಗೋಡೆಯಿಂದ ಆ ಗೋಡೆಗೆ ನಡೀತೀನಿ. ನನ್ನ ಮೈಯಲ್ಲಿ ಏನು ತೊಂದರೆ ಇದೆ ಹೇಳಿ.”

ಟೇಪಕ್ಕನಿಗೆ ಖುಷಿಯೋ ಖುಷಿ. ಅವಳು ಇಪ್ಪತ್ತು ವರ್ಷದಿಂದ ಮಾಡುತ್ತ ಬಂದದ್ದು ಅದನ್ನೇ ಅಲ್ಲವೇ? ಟೀಚರು ಹೋಗಿ ತಿರುಗುವ ಮೊದಲೇ ಉತ್ತರ ಸಿದ್ಧವಿತ್ತು. “ಬಲಗಾಲು ಗಿಡ್ಡ. ಅರ್ಧ ಇಂಚು. ನಿಮ್ಮ ಪ್ಯಾಂಟಿನ ಆ ಕಾಲನ್ನ ಮಡಚಲೇಬೇಕು.”

ಟೀಚರು ಬೆಂಚಿನ ಮೇಲೆ ಮಲಗಿದರು. ಸೊಂಟದ ಮುಂದಿನ ಮೂಳೆಯ ಗಂಟು, ಪಾದದ ಒಳಗಿನ ಗಂಟು ಎರಡನ್ನೂ ಬೆರಳಿಟ್ಟು ತೋರಿಸಿದರು. “ಇಲ್ಲಿಂದ ಇಲ್ಲಿಗೆ ಅಳೆಯಿರಿ.”

ಟೇಪಕ್ಕ ಅಳೆದಳು. ಎರಡೂ ಕಾಲು ಒಂದೇ. ಟೇಪು ಸರಿಮಾಡಿಕೊಂಡು ಮತ್ತೆ ಅಳೆದಳು. ಮೂರನೇ ಸಲ ಅಳೆದಳು. ಒಂದು ನೂಲೂ ವ್ಯತ್ಯಾಸವಿಲ್ಲ.

“ಕಾಲು ಗಿಡ್ಡ ಇಲ್ಲ,” ಎಂದರು ಟೀಚರು ಎದ್ದು ಕೂರುತ್ತ. “ಸೊಂಟ ಒಂದು ಕಡೆ ಬಿಗಿದುಕೊಂಡಿದೆ, ಅದು ಕಾಲನ್ನ ಮೇಲಕ್ಕೆಳ್ಕೊಳ್ಳುತ್ತೆ. ನೋಡೋರಿಗೆ ಗಿಡ್ಡ ಕಾಣುತ್ತೆ, ಅಷ್ಟೇ. ಅದನ್ನ ನಂಬಿ ಬೂಟಿನ ಅಟ್ಟೆ ಏರಿಸಿದ್ರೆ ಬೆನ್ನು ಹಿಡ್ಕೊಳ್ಳುತ್ತೆ. ಮುಂದಿನ ವಾರ ಶುರು. ಬರೋದಾದ್ರೆ ಬನ್ನಿ.”

ಟೇಪಕ್ಕ ಕಿವಿ ಬಿಸಿಯಾಗಿ ಹೊರಬಂದಳು. ಮನೆಗೆ ಬಂದು ಚಪ್ಪಲಿ ಒದರಿದ ಸದ್ದಿಗೇ ಅತ್ತಿಗೆ ಅಡುಗೆಮನೆಯಿಂದ ಇಣುಕಿದರು.

“ಇಷ್ಟು ವರ್ಷ ಅಳೆದವಳಿಗೆ ಅಳೆಯೋಕೆ ಬರಲ್ವಂತೆ!” ಎಂದಳು ಟೇಪಕ್ಕ.

“ನಾನು ಹೇಳ್ಲಿಲ್ವಾ?” ಅಣ್ಣನಿಗೆ ಹಿಗ್ಗು. “ಆ ಅರ್ಜಿ ತಾ ಇಲ್ಲಿ. ಕಂಪನಿಯವರು ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಮಾತಾಡಲ್ಲ.”

ಅವಳು ರೋಷದಲ್ಲೇ ಕಂಪನಿಯ ಅರ್ಜಿ ತುಂಬಿದಳು. ಹೆಸರು, ವಿಳಾಸ, ಅನುಭವ. ‘ಈವರೆಗೆ ಎಷ್ಟು ಮಂದಿಗೆ ಸೈಕಲ್ ಹೊಂದಿಸಿದ್ದೀರಿ’ ಎಂಬ ಸಾಲಿಗೆ ಬಂದು, ಬೆರಳು ಮಡಚುತ್ತ ಒಬ್ಬೊಬ್ಬರನ್ನೇ ಎಣಿಸಿದಳು. ಏಳನೆಯ ಬೆರಳಿಗೆ ಪೇಪರ್ ಮಾಮ ಬಂದ. ಅಲ್ಲಿಗೆ ಪೆನ್ನು ನಿಂತಿತು. ಅವನ ಕಾಲನ್ನು ಅವಳು ಅಳೆದೇ ಇರಲಿಲ್ಲ. ಪ್ಯಾಂಟಿನ ಅಂಚು ನೋಡಿ ಅಟ್ಟೆ ಏರಿಸಿಬಿಟ್ಟಿದ್ದಳು. ಕಾಲೇ ಗಿಡ್ಡವೋ, ಸೊಂಟ ಬಿಗಿದು ಹಾಗೆ ಕಾಣುತ್ತಿದೆಯೋ ಎಂದೂ ಯೋಚಿಸಿರಲಿಲ್ಲ.

ಮರುದಿನ ಬೆಳಿಗ್ಗೆ, ಪೇಪರಿನ ಕಟ್ಟುಗಳನ್ನು ಇಳಿಸುವ ಮೂಲೆಗೆ ಹೋಗಿ ನಿಂತಳು. ಮಾಮ ಗೋಡೆಗೆ ಒರಗಿ ನಿಂತೇ ಪೇಪರ್ ಮಡಚುತ್ತಿದ್ದ.

“ಮಾಮ, ನಿಜ ಹೇಳು. ಬೆನ್ನು ಹೇಗಿದೆ?”

“ಚೆನ್ನಾಗಿದೆ ಕಣಮ್ಮ.”

“ಹಾಗಾದ್ರೆ ಬಗ್ಗಿ ಆ ಕಟ್ಟು ಎತ್ತು ನೋಡೋಣ.”

ಮಾಮ ಕಟ್ಟಿನ ಕಡೆ ನೋಡಿದ, ಅವಳ ಕಡೆ ನೋಡಿದ, ಬಗ್ಗಲಿಲ್ಲ. “ಮೂರು ವಾರದಿಂದ ಹಿಡ್ಕೊಂಡಿದೆ. ನೀನು ಅಷ್ಟು ಆಸೆಯಿಂದ ಮಾಡ್ಕೊಟ್ಟಿದ್ದೆ. ಹೇಳಿದ್ರೆ ಬೇಜಾರ್ ಮಾಡ್ಕೋತೀಯ ಅಂತ ಸುಮ್ಮನಾದೆ.”

ಟೇಪಕ್ಕ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಬೂಟು ಬಿಚ್ಚಿಸಿ, ತಾನೇ ಅಂಟಿಸಿದ್ದ ಚರ್ಮವನ್ನು ಕತ್ತರಿಯಿಂದ ಕಿತ್ತು ಬಿಸಾಡಿದಳು. “ತಪ್ಪು ನಂದು ಮಾಮ. ಇನ್ಮೇಲೆ ನನ್ನ ಕೆಲಸ ಸರಿಯಿಲ್ಲ ಅಂದ್ರೆ ಬಾಯಿಬಿಟ್ಟು ಬೈದುಬಿಡು,” ಎಂದಳು. ಆಮೇಲೆ ಚೀಲ ತನ್ನ ಹೆಗಲಿಗೇರಿಸಿ ಆ ದಿನದ ಪೇಪರ್ ತಾನೇ ಹಂಚಿದಳು. ನಾಲ್ಕು ಮನೆಗೆ ಯಾರದೋ ಪೇಪರ್ ಯಾರಿಗೋ ಹೋಯಿತು. ಮೂರನೇ ಮಹಡಿಗೆ ಎಸೆದದ್ದು ಎರಡನೇ ಮಹಡಿಯ ಹೂಕುಂಡದಲ್ಲಿ ಕೂತಿತು.

ಮುಂದಿನ ಶನಿವಾರ ಮಾಮನನ್ನೂ ಕರೆದುಕೊಂಡೇ ಈಜುಕೊಳಕ್ಕೆ ಹೋದಳು. ಟೀಚರು ಅವನನ್ನು ಮಲಗಿಸಿ, ತಿರುಗಿಸಿ, ನಡೆಸಿ ನೋಡಿದರು. ಕಾಲು ಎರಡೂ ಸರಿಯಾಗಿದ್ದವು. ಇಪ್ಪತ್ತು ವರ್ಷ ಒಂದೇ ಹೆಗಲಿಗೆ ಚೀಲ ಹೊತ್ತು ಮೈ ಒಂದು ಕಡೆ ಬಿಗಿದಿತ್ತು. ಹೆಗಲು ಬದಲಿಸಲು ಹೇಳಿ, ನಾಲ್ಕು ವ್ಯಾಯಾಮ ಕಲಿಸಿ ಕಳಿಸಿದರು.

“ನನ್ನನ್ನ ಸೇರಿಸ್ಕೋತೀರಾ ಟೀಚರ್?” ಎಂದಳು ಟೇಪಕ್ಕ, ಮೆಲ್ಲಗೆ.

“ಅವತ್ತೇ ಸೇರಿಸ್ಕೊಂಡಿದ್ದೆ. ತಪ್ಪು ಅಂತ ಗೊತ್ತಾದಾಗ ಎಲ್ಲರೂ ನನ್ನ ಜೊತೆ ವಾದಕ್ಕೆ ಬೀಳ್ತಾರೆ. ನೀವು ಮೂರನೇ ಸಲ ಅಳೆದ್ರಿ.”

ಮನೆಯಲ್ಲಿ ಸುದ್ದಿ ಹೇಳಿದಾಗ ಅಣ್ಣನ ಮುಖ ಸಪ್ಪಗಾಯಿತು. “ಆ ಮೆಷಿನ್ನು?”

“ಮೆಷಿನ್ ಬೇಡ ಅಂದೋರ್ ಯಾರು? ಮುಂದೆ ಅದನ್ನೂ ಕಲಿಯೋಣ. ಆದ್ರೆ ಅಲ್ಲಿ ನನಗೆ ಗೊತ್ತಿರೋದಕ್ಕೆ ಸರ್ಟಿಫಿಕೇಟ್ ಕೊಡ್ತಾರೆ ಅಣ್ಣ. ಟೀಚರ ಹತ್ರ ನನಗೆ ಗೊತ್ತಿಲ್ಲದ್ದಿದೆ.”

ಆ ಹತ್ತು ವಾರ ಮನೆಯಲ್ಲಿ ಯಾರ ಕಾಲೂ ಅವರವರದಾಗಿ ಉಳಿಯಲಿಲ್ಲ. ಅತ್ತಿಗೆ ತರಕಾರಿ ಹೆಚ್ಚುವುದನ್ನು ಬಿಟ್ಟು ನೆಲದ ಮೇಲೆ ಮಲಗಬೇಕಾಯಿತು. ಅಣ್ಣನ ಮಗಳು ಗೆಳತಿಯರನ್ನು ಸಾಲಾಗಿ ಕರೆತಂದಳು. ಎದುರುಗಡೆಯ ಔಷಧಿ ಅಂಗಡಿಯವರು ಟೇಪಕ್ಕನನ್ನು ಕಂಡರೆ ಕುಂಟದಂತೆ ನೆಟ್ಟಗೆ ನಡೆಯಲು ಶುರುಮಾಡಿದರು. ಅಣ್ಣನೂ ತಾನಾಗಿಯೇ ಒಂದು ದಿನ ಬೆಂಚಿನ ಮೇಲೆ ಮಲಗಿ, “ನನ್ನದೂ ಸ್ವಲ್ಪ ನೋಡು,” ಎಂದ.

ಪರೀಕ್ಷೆಯ ದಿನ ಟೀಚರು ಒಬ್ಬ ಅಪರಿಚಿತ ಹೆಂಗಸನ್ನು ಕರೆತಂದು ನಿಲ್ಲಿಸಿದರು. ಮೂವತ್ತು ವರ್ಷ ಬಸ್ ಓಡಿಸಿ ಆಗಷ್ಟೇ ನಿವೃತ್ತಳಾದ ಡ್ರೈವರಮ್ಮ. ಸೈಕಲ್ ಹೊಸದಾಗಿ ಕಲಿತಿದ್ದಳು. ಟೇಪಕ್ಕ ಅವಳನ್ನು ನಡೆಸಿದಳು, ಮಲಗಿಸಿ ಅಳೆದಳು, ಬಾಗಿಸಿ ನೋಡಿದಳು. ಆಮೇಲೆ ಎದುರಿಗೆ ಕೂತು ಕೇಳಿದಳು, “ಅಮ್ಮಾ, ಸೈಕಲ್ ಹತ್ತಿ ಎಲ್ಲಿಗೆ ಹೋಗ್ಬೇಕು ಅಂತಿದೀರ?”

“ತಂಗಿ ಮನೆಗೆ. ದಾರೀಲಿ ಮೂರು ಸಿಗ್ನಲ್ಲಿದೆ. ನಿಲ್ಸಿದಾಗ ಎರಡೂ ಕಾಲು ನೆಲಕ್ಕೆ ಸಿಗ್ಬೇಕು. ಬಸ್ಸಲ್ಲಿ ಬೀಳೋ ಭಯ ಇರ್ಲಿಲ್ಲ ನೋಡಮ್ಮ.”

ಟೇಪಕ್ಕ ಸೀಟನ್ನು ಕೆಳಗಿಳಿಸಿದಳು. ಇನ್ನೂ ಸ್ವಲ್ಪ ಇಳಿಸಿದಳು.

“ಪುಸ್ತಕದ ಲೆಕ್ಕಕ್ಕೆ ಇದು ಎರಡು ಇಂಚು ಕೆಳಗಾಯ್ತು,” ಎಂದರು ಟೀಚರು.

“ಹೌದು ಟೀಚರ್. ಆದ್ರೆ ಬಿದ್ರೆ ಪುಸ್ತಕಕ್ಕೆ ಪೆಟ್ಟಾಗಲ್ಲ. ಅವರಿಗೆ ಧೈರ್ಯ ಬಂದ ಹಾಗೆ ಅರ್ಧರ್ಧ ಇಂಚು ಏರಿಸ್ತೀನಿ. ತಿಂಗಳಿಗೊಂದ್ಸಲ ಬರೋಕೆ ಹೇಳ್ತೀನಿ.”

ಟೀಚರು ಹಾಳೆಯಲ್ಲಿ ಏನೋ ಬರೆದುಕೊಂಡರು. ಅಷ್ಟರಲ್ಲಿ ಡ್ರೈವರಮ್ಮ ಸೈಕಲ್ ಹತ್ತಿ ಹೊರಗೆ ಹೋಗಿಯಾಗಿತ್ತು. ಕೊಳದ ಸುತ್ತ ಒಂದು ಸುತ್ತು ಹಾಕಿದಳು. ಮೂಲೆಯಲ್ಲಿ ನಿಲ್ಲಿಸಿ, ಎರಡೂ ಕಾಲೂರಿ, ಸುತ್ತ ನೋಡಿ, ಮತ್ತೆ ಹೊರಟಳು. ಎರಡನೇ ಸುತ್ತಿಗೆ ಬೆಲ್ಲು ಬಾರಿಸಿದಳು. ನೀರಿನಲ್ಲಿದ್ದವರೆಲ್ಲ ಈಜು ನಿಲ್ಲಿಸಿ ಅಂಚಿಗೆ ಬಂದು ನೋಡಿದರು.

“ಸಾಕಮ್ಮಾ, ಇಳೀರಿ, ಪರೀಕ್ಷೆ ಮುಗೀತು,” ಎಂದು ಕೂಗಿದರು ಟೀಚರು.

“ಪಾಸಾ?” ಎಂದಳು ಟೇಪಕ್ಕ.

“ನನ್ನನ್ನ ಯಾಕೆ ಕೇಳ್ತೀರಿ? ಅವರನ್ನ ಕೇಳಿ.”

ಡ್ರೈವರಮ್ಮ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. “ಇನ್ನೊಂದೇ ರೌಂಡು!” ಎನ್ನುತ್ತ ತಿರುವಿನಲ್ಲಿ ಮರೆಯಾದಳು. ಟೇಪಕ್ಕ ನಗುತ್ತ ಅವಳ ಹಿಂದೆ ಓಡಿದಳು.