ಎತ್ತಿಕೊಡುವವಳು

ಹಸಿರು ಬಳೆ ಗೆಣ್ಣಿನ ಹತ್ತಿರ ಬಂದು ನಿಂತುಬಿಟ್ಟಿತು. ವೀರಮ್ಮ ಎಷ್ಟು ಒತ್ತಿದರೂ ಮುಂದೆ ಹೋಗಲೊಲ್ಲದು.

“ಸೋಪು ನೀರು ತಕಂಡು ಬಾ, ದೀಪಶ್ರೀ,” ಎಂದಳು. “ಬದುಕಿದ್ದಾಗ್ಲೂ ಇವ್ಳ ಕೈ ಇಂಗೇಯ. ಬಳೆಗಾರನ್ನ ಅಳಿಸ್ಬುಡೋಳು.”

ಸೊಸೆ ದೀಪಶ್ರೀ ಚೊಂಬಿನಲ್ಲಿ ನೊರೆ ಮಾಡಿ ತಂದಳು. ಅವಳ ಅತ್ತೆ ದೊಡ್ಡಬಸಮ್ಮನ ಉಸಿರು ಬೆಳಗಿನ ಜಾವ ನಿಂತಿತ್ತು. ಮೈ ಸೆಟೆಯುವ ಮೊದಲೇ ಗಂಡಸರು ಅವಳನ್ನು ಪದ್ಧತಿಯಂತೆ ಕೂರಿಸಿ, ಜಗುಲಿಯ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಗಂಡ ದೊಡ್ಡಮಾದಪ್ಪ ಗಟ್ಟಿಯಾಗಿದ್ದುದರಿಂದ ಇದು ಮುತ್ತೈದೆ ಸಾವು. ಹೊಸ ಸೀರೆ, ಮಲ್ಲಿಗೆ, ಬಳೆ, ಮಡಿಲಕ್ಕಿ ಎಲ್ಲ ಆಗಬೇಕು. ಮದುವಣಗಿತ್ತಿಗೆ ಮಾಡುವಷ್ಟೂ ಮಾಡಬೇಕು. ಆ ಕೆಲಸಕ್ಕೆಂದೇ ಮಧುವನಹಳ್ಳಿಯ ಸೋಬಾನೆ ತಂಡದ ನಾಲ್ವರೂ, ವೀರಮ್ಮ ಮುಂದಾಗಿ, ಬೆಳಿಗ್ಗೆಯೇ ಬಂದು ಸೇರಿದ್ದರು.

ಅಂಗಳದ ಪೆಂಡಾಲಿನ ಕೆಳಗೆ ಕುಳಿತಿದ್ದ ದೊಡ್ಡಬಸಮ್ಮನ ಮೈದುನ ಪ್ರಭುಸ್ವಾಮಿ ಪಕ್ಕದವನಿಗೆ ಹೇಳುತ್ತಿದ್ದ. ಮೆಲ್ಲಗೆ ಮಾತಾಡುವುದು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ.

“ನಮ್ಮತ್ತಿಗೆನೂ ತಂಡದಲ್ಲಿವ್ನಿ ಅಂತಿದ್ಲು ಕಣ್ಲಾ. ಆ ಗಂಟ್ಲಲ್ಲಿ ಏನ್ ಆಡೋಳೋ, ಎಣ್ಣೆ ಕಾಣದ ಗಾಡಿ ಕೀಲಿದ್ದಂಗಿತ್ತು.”

“ಸಂಘದ ಮನೇಲಿ ರೇಡಿಯೋದೋರು ಕೊಟ್ಟ ಪ್ರಶಸ್ತಿ ಪತ್ರ ತೂಗಾಕವ್ರೆ. ನಾಲ್ಕೇ ಎಸ್ರು ಇರೋದು,” ಎಂದ ಪಕ್ಕದವನು.

“ಅದೇ ಅಂದಿದ್ದು. ಇವ್ರ ಎಲೆ ಅಡ್ಕೆ ಚೀಲ ಒರೋಕೆ ಓಯ್ತಿದ್ಲೋ ಏನೋ, ಪಾಪ.”

ವೀರಮ್ಮನ ಕೈಯಲ್ಲಿ ಬಳೆಯೊಂದು ಚಟ್ಟನೆ ಒಡೆಯಿತು. ತಿರುಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೊಳ್ಳೇಗಾಲದಿಂದ ಯಳಂದೂರಿನವರೆಗೆ ಯಾವ ಚಪ್ಪರದಲ್ಲೂ ನಿಲ್ಲದ ಬಾಯಿ ಎಂದು ಹೆಸರಾದವಳು ಅವಳು. ಈಗ ಒಡೆದ ಚೂರುಗಳನ್ನು ಆಯತೊಡಗಿದಳು. ಹೇಳಲು ಹೊರಟರೆ ಪತ್ರದಲ್ಲಿ ನಾಲ್ಕೇ ಹೆಸರು ಏಕಿವೆ ಎನ್ನುವುದನ್ನೂ ಹೇಳಬೇಕಾಗುತ್ತಿತ್ತು.

*

ಮೂವತ್ತನಾಲ್ಕು ವರ್ಷದ ಹಿಂದೆ ದೊಡ್ಡಬಸಮ್ಮ ಈ ಊರಿಗೆ ಸೊಸೆಯಾಗಿ ಬಂದಳು. ಸೋಬಾನೆ ಹೇಳುವ ಹೆಂಗಸರ ಜೊತೆ ಮೊದಲ ದಿನ ಕುಳಿತು ಬಾಯಿ ತೆರೆದದ್ದೇ ತಡ, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ನೀ ಸುಮ್ನೆ ಚಪ್ಪಾಳೆ ತಟ್ಟವ್ವ,” ಎಂದಿದ್ದವಳು ವೀರಮ್ಮನೇ. ಬಸಮ್ಮ ಮುನಿಸಿಕೊಳ್ಳಲಿಲ್ಲ, ಚಪ್ಪಾಳೆ ತಟ್ಟಿದಳು.

ಆ ವರ್ಷವೇ ಹನೂರಿನಲ್ಲೊಂದು ಮದುವೆ. ಹೆಣ್ಣು ಒಪ್ಪಿಸುವ ಹಾಡು ನಡೆಯುತ್ತಿತ್ತು. ಮಗಳನ್ನು ಅತ್ತೆಗೆ ಒಪ್ಪಿಸಿ, ಮಾವನಿಗೆ ಒಪ್ಪಿಸಿ, ನಾದಿನಿಗೆ ಒಪ್ಪಿಸಿ, ಮೈದುನನಿಗೆ ಒಪ್ಪಿಸುವ ಉದ್ದನೆಯ ಹಾಡು. ಐದನೆಯ ನುಡಿಗೆ ಬಂದಾಗ ವೀರಮ್ಮನ ತಲೆ ಖಾಲಿಯಾಯಿತು. ಗಂಡಿನ ಕಡೆಯವರು ಕತ್ತು ಎತ್ತಿ ನೋಡುತ್ತಿದ್ದರು. ಅಷ್ಟರಲ್ಲಿ ಎಡಗಿವಿಯ ಹಿಂದಿನಿಂದ ಪಿಸುದನಿಯಲ್ಲಿ ನುಡಿ ಬಂತು. ವೀರಮ್ಮ ಅದನ್ನು ಹಿಡಿದು ಹಾಡಿದಳು. ಯಾರಿಗೂ ಗೊತ್ತಾಗಲಿಲ್ಲ.

“ನಿಂಗೆಂಗೆ ಬತ್ತದೆ ಇದು?” ಎಂದು ಊಟದ ಪಂಕ್ತಿಯಲ್ಲಿ ಕೇಳಿದಳು.

“ನಮ್ಮವ್ವ ಆಡೋಳು. ನಂಗೆ ಪದ ಕೊಟ್ಲು, ಗಂಟ್ಲು ಕೊಡ್ಲಿಲ್ಲ,” ಎಂದು ಬಸಮ್ಮ ಪಾಯಸ ಸುರಿದುಕೊಂಡಳು.

ಅಂದಿನಿಂದ ವೀರಮ್ಮನ ಎಡಗಿವಿಯ ಹಿಂದಿನ ಜಾಗ ಬಸಮ್ಮನದಾಯಿತು. ಆ ಕೆಲಸಕ್ಕೆ ಅವರವರಲ್ಲೇ ಎತ್ತಿಕೊಡುವುದು ಎನ್ನುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಹಾಡು ಅವಳ ತಲೆಯಲ್ಲಿದ್ದವು. ಮದುವೆ ಮನೆಯವರು ತಂಡಕ್ಕೆ ರವಿಕೆ ಬಟ್ಟೆ ಕೊಟ್ಟರೆ ಉಳಿದವರು ಪೆಟ್ಟಿಗೆಗೆ ಹಾಕುತ್ತಿದ್ದರು. ಬಸಮ್ಮ ಮಾತ್ರ ಆ ವಾರವೇ ಹೊಲಿಸಿ ತೊಟ್ಟು, ಬೀದಿಯಲ್ಲಿ ಸಿಕ್ಕಿದವರಿಗೆಲ್ಲ “ತಂಡದೋರ್ಗೆ ಕೊಟ್ರು ಕಣವ್ವ” ಎಂದು ತೋಳು ಮುಂದೆ ಮಾಡಿ ತೋರಿಸುತ್ತಿದ್ದಳು. ಗಂಡನ ಮನೆಯಲ್ಲಿ ಅವಳು ಸೊಸೆ, ಹಿಪ್ಪುನೇರಳೆ ತೋಟದಲ್ಲಿ ಆಳಿನ ಜೊತೆ ಆಳು. ತಂಡದಲ್ಲಿ ಮಾತ್ರ ಅವಳಿಲ್ಲದೆ ನಡೆಯುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಮೈಸೂರಿನಿಂದ ರೇಡಿಯೋದವರು ಫೋನು ಮಾಡಿದರು. “ಎಷ್ಟು ಜನ ಹಾಡ್ತೀರಮ್ಮ?” ಎಂದು ಕೇಳಿದರು. ಅಷ್ಟು ದೊಡ್ಡ ಜಾಗದಲ್ಲಿ ಮುಖ್ಯ ಹಾಡುಗಾರ್ತಿಯ ಕಿವಿಯಲ್ಲಿ ಒಬ್ಬಳು ಪಿಸುಗುಡುತ್ತಾ ಕೂರುವುದೇ? ವೀರಮ್ಮನಿಗೆ ನಾಚಿಕೆಯೆನಿಸಿತು. “ನಾಲ್ಕು ಜನ, ಸಾ,” ಎಂದಳು. ಬಸಮ್ಮನಿಗೆ ಕಾರಿನಲ್ಲಿ ಜಾಗವಿಲ್ಲವಂತೆ ಎಂದು ಸುಳ್ಳು ಹೇಳಿದಳು.

ಅಲ್ಲಿ ಹಾಡಿದ್ದೂ ಹೆಣ್ಣು ಒಪ್ಪಿಸುವ ಹಾಡೇ. ಐದನೆಯ ನುಡಿ ಬಂತು. ವರ್ಷಗಟ್ಟಲೆ ಕಿವಿಗೆ ತಾನಾಗಿ ಬಂದು ಬೀಳುತ್ತಿದ್ದುದನ್ನು ವೀರಮ್ಮ ನೆನಪಿಟ್ಟುಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಅಲುಗಾಡದೆ ಎರಡನೆಯ ನುಡಿಯನ್ನೇ ಇನ್ನೊಮ್ಮೆ ಹಾಡಿ ಮುಗಿಸಿದಳು. ರೇಡಿಯೋದವರು ಬಹಳ ಚೆನ್ನಾಗಿತ್ತು ಎಂದರು.

*

“ಅತ್ತೆ ಅವತ್ತು ರೇಡಿಯೋ ಕೇಳಿದ್ರು, ಗೊತ್ತಾ?” ಎಂದಳು ದೀಪಶ್ರೀ, ಮುಡಿಗೆ ಮಲ್ಲಿಗೆ ಸುತ್ತುತ್ತಾ. ವೀರಮ್ಮ ಮಡಿಲಿಗೆ ಅಕ್ಕಿ ತುಂಬುತ್ತಿದ್ದಳು.

“ನಾ ಆಗ ಒಸ್ದಾಗಿ ಬಂದಿದ್ದೆ. ರೇಡಿಯೋ ಮುಂದೆ ಕುಂತ್ಕಂಡು, ನೀವು ಒಂದೊಂದು ನುಡಿ ಮುಗ್ಸೋಷ್ಟ್ರಲ್ಲಿ ಮುಂದಿಂದ ಎತ್ತಿಕೊಡ್ತಿದ್ರು. ಪೆಟ್ಗೆಗೆ ಕಣವ್ವ. ಕೇಳಿಸ್ತದೇನೋ ಅನ್ನಂಗೆ. ಐದ್ನೇದು ನೀವು ಬೇರೆ ಆಡುದ್ರಿ. ಎಲ್ಡು ಸಲ ಎತ್ತಿಕೊಟ್ರು. ಆಮೇಲೆ, ‘ನಾ ಇಲ್ವಲ್ಲ, ಗಾಬ್ರಿಯಾಗೋಗದೆ ನಮ್ ವೀರಿಗೆ’ ಅಂದು ಕಣ್ಣೊರಸ್ಕಂಡ್ರು.”

“ನನ್ ಮ್ಯಾಲೆ ಏನೂ ಅನ್ಲಿಲ್ವ?”

“ಕಾರು ಚಿಕ್ದಂತೆ ಕಣೆ, ಅಂದ್ರು ಅಷ್ಟೆ.”

ವೀರಮ್ಮ ಬಸಮ್ಮನ ಮುಖ ನೋಡಿದಳು. ಇವಳು ಒಂದು ಸಲ ಬೈದಿದ್ದರೆ, ಬೀದಿಯಲ್ಲಿ ನಿಂತು ಜಗಳಕ್ಕೆ ಬಂದಿದ್ದರೆ, ಹನ್ನೆರಡು ವರ್ಷ ಇಷ್ಟು ಭಾರವಾಗಿ ಕಳೆಯುತ್ತಿರಲಿಲ್ಲ.

ಹೊರಗೆ ದೇಹವನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟಿ ಮುಗಿದಿತ್ತು. ಎತ್ತುವವರು ಪಂಚೆ ಬಿಗಿದುಕೊಂಡು ಬಂದರು. ವೀರಮ್ಮ ಎದ್ದು ದೊಡ್ಡಮಾದಪ್ಪನ ಮುಂದೆ ನಿಂತಳು.

“ಒಂದು ಪದ ಆಡ್ತೀವಿ, ಭಾವ. ಹೆಣ್ಣು ಒಪ್ಸೋದು.”

“ಸಾವಿನ ಮನೇಲಿ ಸೋಬಾನೆಯ?” ಎಂದು ಪ್ರಭುಸ್ವಾಮಿ ಎದ್ದ. “ಎಲ್ಲಾದ್ರೂ ಉಂಟಾ? ನಾಳೆ ಈ ಮನೇಲಿ ಶುಭ ಕಾರ್ಯ ಆಗ್ಬ್ಯಾಡ್ವ?”

ದೊಡ್ಡಮಾದಪ್ಪ ಹೆಂಡತಿಯನ್ನು ನೋಡಿದ. ಬೆಳಿಗ್ಗೆಯಿಂದ ಆತ ಅತ್ತಿರಲಿಲ್ಲ. “ಮದ್ವೆ ಹೆಣ್ಣಿನಂಗೆ ನೀವೇ ಸಿಂಗಾರ ಮಾಡಿವ್ರಿ. ಪದ ಒಂದು ಯಾಕೆ ಬ್ಯಾಡ? ಆಡ್ರವ್ವ,” ಎಂದ.

ನಾಲ್ವರೂ ಜಗುಲಿಯ ಮೇಲೆ, ಯಾವಾಗಲೂ ಕೂರುವ ಸಾಲಿನಲ್ಲೇ ಕುಳಿತರು. ಬಸಮ್ಮ ವೀರಮ್ಮನ ಎಡಭುಜದ ಹಿಂದೆ ಗೋಡೆಗೊರಗಿದ್ದಳು. ಯಾರೂ ಬೇಕೆಂದು ಹಾಗೆ ಮಾಡಿರಲಿಲ್ಲ.

ವೀರಮ್ಮ ಎತ್ತಿದ ದನಿ ಒಡೆಯಲಿಲ್ಲ. ಅತ್ತೆಗೆ ಒಪ್ಪಿಸಿದಳು, ಮಾವನಿಗೆ ಒಪ್ಪಿಸಿದಳು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತರು. ನಾದಿನಿ, ಮೈದುನ ಮುಗಿದವು. ಹಿಂದೆ ದೀಪಶ್ರೀ ಬಿಕ್ಕುತ್ತಿದ್ದಳು. ಐದನೆಯದು ಬಂತು.

ಎರಡನೆಯ ನುಡಿ ವೀರಮ್ಮನ ನಾಲಗೆಯ ತುದಿಯಲ್ಲೇ ಇತ್ತು. ಹಾಡಿದ್ದರೆ ಅಳುವ ಮನೆಯಲ್ಲಿ ಯಾರಿಗೆ ತಿಳಿಯುತ್ತಿತ್ತು? ಅವಳು ಬಾಯಿ ಮುಚ್ಚಿದಳು. ಉಳಿದ ಮೂವರೂ ಹಾಡು ನಿಲ್ಲಿಸಿದರು.

“ಯಾಕವ್ವ, ಮುಂದಕ್ಕೆ ಬರಲ್ವ?” ಎಂದು ಪ್ರಭುಸ್ವಾಮಿಯೇ ಕೇಳಿದ. ಅವನ ಮಾತಿನಲ್ಲೀಗ ಕುಹಕವಿರಲಿಲ್ಲ.

“ಬರಲ್ಲ,” ಎಂದಳು ವೀರಮ್ಮ, ಎಲ್ಲರಿಗೂ ಕೇಳುವ ಹಾಗೆ. “ನಂಗೆ ಯಾವತ್ತೂ ಬರ್ತಿರ್ಲಿಲ್ಲ. ಕಿವಿಗೆ ಎತ್ತಿಕೊಡ್ತಿದ್ದೋಳು ಇವ್ಳು.”

ಅಂಗಳದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಅವಳಿಂದ ಕಣ್ಣು ತೆಗೆದು, ಹಿಂದೆ ಮಲ್ಲಿಗೆ ಮುಡಿದು ಕುಳಿತಿದ್ದ ದೊಡ್ಡಬಸಮ್ಮನ ಬಾಯಿಯನ್ನೇ ನೋಡುತ್ತಾ ನಿಂತರು.