ಏಳರೊಳಗೆ ಮುಗಿಸುವ ಲೆಕ್ಕ

ಮುಂದಿನವನ ಬಾಯಿಂದ ಕೊಳವೆ ಹೊರಬಂತು, ಕುಡಿತ ಪತ್ತೆಯ ಯಂತ್ರ ಕೀ ಎಂದಿತು, ಸೊನ್ನೆ, ಹೋಗು ಎಂದರು ಸಾಹೇಬರು, ಸಾಲು ಒಂದು ಹೆಜ್ಜೆ ಸರಿಯಿತು, ಡ್ರೈವರ್ ಅಂಗೈಗೆ ಉಸಿರು ಬಿಟ್ಟು ಮೂಸಿಕೊಂಡ — ಬರೀ ಟೂತ್‌ಪೇಸ್ಟ್, ಬಸ್ ಡಿಪೋದವರ ಲೆಕ್ಕ ತಪ್ಪುವುದುಂಟೆ, ಭಾನುವಾರ ಐದಕ್ಕೆ ಕೂತು ಏಳರೊಳಗೆ ಆರು ಪೆಗ್ ಗಟಗಟ ಇಳಿಸಿದರೆ ಸೋಮವಾರ ಬೆಳಿಗ್ಗೆ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ, ವಾರವಿಡೀ ಮುಟ್ಟದವನು ಕುಡುಕ ಹೇಗಾದಾನು, ಇಡೀ ಸಾಲೇ ಹೀಗೆ, ಕಂಡಕ್ಟರ್, ಮೆಕ್ಯಾನಿಕ್, ಯಂತ್ರ ಹಿಡಿದ ಸಾಹೇಬರೂ ಸಾಚಾ ಏನಲ್ಲ, ಎಲ್ಲರ ಮನೆ ದೋಸೆಯೂ ತೂತೇ. ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿ ನಕ್ಕಿದ್ದಾನೆ, ಬೇಗ ಕುಡಿ, ಬೇಗ ಮುಗಿಸು, ಹೆಂಡತಿ ಮುಖ ಸಿಂಡರಿಸುತ್ತಿದ್ದಳು, ಮಗಳು ನಗುತ್ತಿದ್ದಳು, ಹದಿನಾರರ ಮಗಳು — ನಿನ್ನೆ ಗೆಳತಿಯ ಮನೆಯಿಂದ ಎಷ್ಟು ಹೊತ್ತಿಗೆ ಬಂದಳೋ, ಆರು ಪೆಗ್ಗಿನವನಿಗೆ ಎಚ್ಚರವೆಲ್ಲಿತ್ತು, ಹೆಂಡತಿ ತಂಗಿಯ ಊರಲ್ಲಿ, ಬೆಳಿಗ್ಗೆ ನೋಡಿದರೆ ಚಪ್ಪಲಿ ಹಾಕಿಕೊಂಡೇ ಸೋಫಾದ ಮೇಲೆ ಮಗ್ಗುಲಾಗಿ ಮುದುಡಿದ್ದಳು, ಹೆಂಡದ ವಾಸನೆ ತನ್ನದೇ ಎಂದುಕೊಂಡಿದ್ದ, ಏನಮ್ಮಾ ಇದು ಎಂದರೆ ಕಣ್ಣು ಬಿಡದೆ, ಎಲ್ಲರೂ ಒಟ್ಟಿಗೇ ಬೇಗ ಮುಗಿಸಿದ್ವಿ ಅಪ್ಪಾ, ನೀನು ಹೇಳ್ತಿಯಲ್ಲ ಹಾಗೆ. ಕಪಾಳಕ್ಕೆ ಕೊಡಬೇಕಿತ್ತು, ಯಾವ ಬಾಯಲ್ಲಿ ಬೈಯಲಿ, ನೂಲಿನಂತೆ ಸೀರೆ, ಮಧ್ಯಾಹ್ನಕ್ಕೆ ಸರಿಹೋಗುತ್ತಾಳೆ ಎಂದು ಬೆರಳು ಮಡಿಸಿ ಲೆಕ್ಕ ಹಾಕಿದ, ಚಪ್ಪಲಿ ಬಿಚ್ಚಿದ, ಕತ್ತು ನೋಯದಿರಲಿ ಎಂದು ಎರಡು ಕೈಯಲ್ಲೂ ಎತ್ತಿ ನೇರ ಮಾಡಿ ಅಂಗಾತ ಮಲಗಿಸಿದ, ಹೊದಿಕೆ ಹೊದಿಸಿದ, ಬೀಗ ಹಾಕಿಕೊಂಡು ಬಂದ, ಒಳ್ಳೆಯ ಅಪ್ಪ. ಸಾಲು ಸರಿಯಿತು, ಗೋಡೆಯ ಮೇಲೆ ಪ್ರಥಮ ಚಿಕಿತ್ಸೆಯ ಚಿತ್ರಗಳು, ವರ್ಷವರ್ಷ ನರ್ಸಮ್ಮ ಬಂದು ಹೇಳುವ ಪಾಠ, ಕುಡಿದು ಎಚ್ಚರ ತಪ್ಪಿದವರನ್ನ ಅಂಗಾತ ಮಲಗಿಸಬೇಡಿ, ವಾಂತಿ ಬಂದ್ರೆ ಉಸಿರು ಕಟ್ಟುತ್ತೆ, ಪಕ್ಕಕ್ಕೆ ಹೊರಳಿಸಿ, ಹಿಂದಿನ ಬೆಂಚಿನಲ್ಲಿ ತಾನೇ ಅಲ್ಲವೆ ನಕ್ಕದ್ದು — ಅವಳು ಮಗ್ಗುಲಾಗಿಯೇ ಇದ್ದಳು, ಸರಿಯಾಗಿಯೇ ಇದ್ದಳು. ಮಗಳಿಗೆ ಫೋನ್ ಹಚ್ಚಿದ, ರಿಂಗಾಗುತ್ತದೆ, ಆಗುತ್ತಲೇ ಇರುತ್ತದೆ, ಎತ್ತುವುದಿಲ್ಲ, ನಿದ್ದೆ ಇರಬಹುದು, ನಿದ್ದೆಯೇ ಇರಬೇಕು, ಬರುವಾಗ ಅವಳ ಬಾಯಿ ಅರ್ಧ ತೆರೆದಿತ್ತು, ಮುಖ ಸೂರಿನ ಕಡೆಗೆ. ಊದಪ್ಪ ಎಂದರು ಸಾಹೇಬರು, ಕೊಳವೆ ತುಟಿಗೆ ತಾಗಿತು, ಸಾಲು ಬಿಟ್ಟವನನ್ನು ಕುಡಿದವನೆಂದೇ ಬರೆದುಕೊಳ್ಳುತ್ತಾರೆ, ತಾನು ಹಿಂದೆಯೇ ಒಮ್ಮೆ ಸಿಕ್ಕಿಬಿದ್ದವನು, ಇನ್ನೊಮ್ಮೆಯಾದರೆ ಕೆಲಸವೇ ಇಲ್ಲ, ಊದಲು ಎಷ್ಟು ಹೊತ್ತು, ಎರಡು ಕ್ಷಣ, ಆಮೇಲೆ ಓಡಬಹುದು, ಎದೆಯಿಂದ ಉಸಿರೇ ಹೊರಡಲಿಲ್ಲ, ಅವಳ ಬಾಯಿ ತೆರೆದಿತ್ತು, ಮುಖ ಸೂರಿನ ಕಡೆಗೆ, ಎಲ್ಲಿಗಯ್ಯಾ ಎಂದು ಹಿಂದಿನಿಂದ ಯಾರೋ ಕೂಗಿದರು, ಕೊಳವೆ ನೆಲಕ್ಕೆ ಬಿತ್ತು, ಗೇಟು, ರಸ್ತೆ, ಆಟೋ ನಿಲ್ಲಿಸಪ್ಪಾ, ಎರಡು ಕೈಯಲ್ಲೂ ಎತ್ತಿ, ಎಷ್ಟು ಜೋಪಾನವಾಗಿ, ತಾನೇ, ಅಂಗಾತ, ಬಾಯಿ ತೆರೆದು, ಅಂಗಾತ —