ಹಬೆಯಕ್ಕನ ಏಳು ನಿಮಿಷ

ಎದುರಿಗಿರುವವರ ಮುಖ ಕಾಣದಿದ್ದರೆ ಹಬೆಯಕ್ಕನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಫೋನಿನಲ್ಲಿ ಆಕೆಯೊಡನೆ ವ್ಯವಹರಿಸಿದವರೆಲ್ಲ ಇದನ್ನು ಬಲ್ಲರು. "ಹೂಂ", "ಇಲ್ಲ", "ಬಂದು ಹೇಳ್ತೀನಿ", ಅಷ್ಟೇ, ಫೋನು ಇಟ್ಟಾಯಿತು. ಐದು ನಿಮಿಷ ಕಳೆಯುವುದರೊಳಗೆ ಮೂರು ಅಂತಸ್ತು ಹತ್ತಿ ಬಂದು ನಿಮ್ಮ ಮೇಜಿನ ಮುಂದೆ ನಿಂತು, ಹೇಳಬೇಕಾದ್ದನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿ, ಒಂದೊಂದು ವಾಕ್ಯದ ಕೊನೆಗೂ "ನೋಡಿದ್ರಾ?" ಎಂದು ಕೇಳಿ, ನೀವು ತಲೆಯಾಡಿಸುವವರೆಗೆ ಮುಂದಿನ ವಾಕ್ಯಕ್ಕೆ ಕಾಲಿಡುತ್ತಿರಲಿಲ್ಲ. ಇಂಥ ಹೆಂಗಸನ್ನು, ಕ್ಯಾಮೆರಾ ಮುಚ್ಚಿಕೊಂಡ ಹನ್ನೊಂದು ಹೆಸರುಗಳ ಮುಂದೆ ಕೂರಿಸಿ, "ಮಾತಾಡಮ್ಮ" ಎಂದರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಅನ್ಯಾಯದಲ್ಲಿ ನನ್ನ ಪಾಲೂ ಇತ್ತು ಎನ್ನುವುದು ಆ ಉರಿಗೆ ಸುರಿದ ತುಪ್ಪ.

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟ, ಬಟ್ಟೆಗಳನ್ನು ತೊಳೆದು, ಗಂಟು ಕಟ್ಟಿ, ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ ವಿಭಾಗಕ್ಕೆ ಆಕೆ ಇಪ್ಪತ್ತೆರಡು ವರ್ಷದಿಂದ ಮೇಲ್ವಿಚಾರಕಿ. ಆಕಾಶದ ಬಣ್ಣದಿಂದ ಬೂದಿಯ ಬಣ್ಣಕ್ಕೆ ತಿರುಗಿದ್ದ ಉದ್ದನೆಯ ಕೋಟು; ಅದಕ್ಕಿದ್ದ ಮೂರು ಜೇಬುಗಳನ್ನೂ ದಪ್ಪ ದಾರದಿಂದ ತಾನೇ ಹೊಲಿದು ಮುಚ್ಚಿದ್ದಳು, ಜೇಬಿದ್ದರೆ ಕೈ ಹೋಗುತ್ತದೆ, ಕೈ ಹೋದರೆ ಕೊಳೆ ಬರುತ್ತದೆ ಎಂಬ ತರ್ಕದಿಂದ. ನಡೆಯುವಾಗ ಮೊಣಕೈಗಳನ್ನು ಮೈಯಿಂದ ದೂರವಿಟ್ಟು, ಎರಡೂ ಅಂಗೈಗಳನ್ನು ಎದೆಯ ಎತ್ತರಕ್ಕೆ ಹಿಡಿದುಕೊಂಡು, ಆಗಷ್ಟೇ ತೊಳೆದ ಕೈಯನ್ನು ಆರಲು ಬಿಟ್ಟವಳಂತೆ ನಡೆಯುತ್ತಿದ್ದಳು. ಬಾಗಿಲನ್ನು ಭುಜದಿಂದ ನೂಕುವಳು, ಲಿಫ್ಟಿನ ಗುಂಡಿಯನ್ನು ಬೆರಳಿನ ಗಿಣ್ಣಿನಿಂದ ಒತ್ತುವಳು. ತನ್ನ ಮನೆಯ ಕರೆಗಂಟೆಯನ್ನೂ ಹಾಗೆಯೇ ಒತ್ತುವಳೆಂದು ಆಮೇಲೆ ಕಂಡುಕೊಂಡೆ.

ಆಕೆಯ ಕಸುಬಿನ ಒಂದು ಕಟ್ಟಳೆಯನ್ನು ಇಲ್ಲಿ ಹೇಳಲೇಬೇಕು. ಹಬೆಯಂತ್ರದೊಳಕ್ಕೆ ಹೋಗುವ ಪ್ರತಿ ಗಂಟಿನ ಮೇಲೂ ಒಂದು ಅಂಟುಪಟ್ಟಿ ಇರುತ್ತದೆ. ಶಾಖ ತಾಕಿದ ಕೂಡಲೇ ಅದರ ಮೇಲೆ ಕಪ್ಪು ಗೆರೆಗಳು ಮೂಡುತ್ತವೆ. ಗಂಟಿನ ಒಳಗೆ, ಬಟ್ಟೆಗಳ ನಟ್ಟನಡುವೆ, ಇನ್ನೊಂದು ಕಾಗದದ ಪಟ್ಟಿ. ಹಬೆ ಅಲ್ಲಿಯವರೆಗೆ ನುಗ್ಗಿದರೆ ಮಾತ್ರ ಅದು ಕಪ್ಪಾಗುತ್ತದೆ. ಹೊರಗಿನ ಪಟ್ಟಿಯ ಅರ್ಥ ಗಂಟು ಯಂತ್ರದೊಳಗೆ ಹೋಗಿ ಬಂತು ಎಂದಷ್ಟೇ. ಒಳಗೆ ಬೆಂದಿದೆಯೋ ಇಲ್ಲವೋ ಎನ್ನುವುದನ್ನು ಒಳಗಿನ ಪಟ್ಟಿಯೇ ಹೇಳಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಆಕೆ ಮೊದಲ ದಿನ ಹೇಳುತ್ತಿದ್ದುದು ಇದೊಂದನ್ನೇ: "ಹೊರಗಡೆ ಕಪ್ಪಾಗಿದೆ ಅಂತ ನಂಬಬೇಡಿ. ಬಿಚ್ಚಿ ನೋಡಿ. ನೋಡಿದ್ರಾ?"

ಇರುವ ಎರಡು ಯಂತ್ರಗಳಲ್ಲಿ ಎರಡನೆಯದು ಕೆಟ್ಟಿತು. ಪೂರ್ತಿ ನಿಂತುಹೋಗಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಅದು ಕೆಟ್ಟದ್ದು ಹಾಗಲ್ಲ. ಗುರುಗುಟ್ಟುತ್ತಿತ್ತು, ಬಿಸಿಯಾಗುತ್ತಿತ್ತು, ಹೊರಗಿನ ಪಟ್ಟಿಗಳನ್ನೆಲ್ಲ ಕಪ್ಪು ಮಾಡುತ್ತಿತ್ತು. ಆದರೆ ಒಳಗಿನ ಗಾಳಿ ಪೂರ್ತಿ ಹೊರಹೋಗದೆ, ದೊಡ್ಡ ಗಂಟುಗಳ ನಡುವಿಗೆ ಹಬೆ ಮುಟ್ಟುತ್ತಿರಲಿಲ್ಲ. ರೋಗಿ ಮೇಜಿನ ಮೇಲೆ ಮಲಗಿರುವಾಗ ದಾದಿ ಗಂಟು ಬಿಚ್ಚಿ, ಒಳಗಿನ ಪಟ್ಟಿ ಅರ್ಧ ಬಿಳಿಯಿರುವುದನ್ನು ಕಂಡು, ಹಾಗೆಯೇ ವಾಪಸು ಕಳಿಸಿದ್ದು ಒಂದೇ ತಿಂಗಳಲ್ಲಿ ಮೂರು ಸಲ. ಒಂದು ಸಲ ಆ ದಾದಿ ಅವಸರದಲ್ಲಿ ಪಟ್ಟಿ ನೋಡದೆ ಹೋದರೆ ಏನಾಗುತ್ತದೆಂದು ಹೇಳಲು ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ. ಸರಿಪಡಿಸಲು ಯಂತ್ರವನ್ನು ಮೂರು ವಾರ ಮುಚ್ಚಬೇಕು, ಮುಚ್ಚಿದರೆ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕು, ಮುಂದೂಡಲು ಆಡಳಿತ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯ ಹನ್ನೊಂದು ಸದಸ್ಯರು ಹನ್ನೊಂದು ಕಡೆ ಇರುವವರಾದ್ದರಿಂದ ಸಭೆ ನಡೆಯುವುದು ಪರದೆಯ ಮೇಲೆ. ಆ ಸಭೆಯ ನಡಾವಳಿ ಬರೆಯುವ ಗುಮಾಸ್ತ ನಾನು.

ಹಬೆಯಕ್ಕನನ್ನು ತಯಾರು ಮಾಡುವ ಹೊಣೆ ಪ್ರಚಾರಾಧಿಕಾರಿಗೆ ಬಿತ್ತು. ಈ ಮನುಷ್ಯನಿಗೆ ಪ್ರಪಂಚದಲ್ಲಿ ಕೆಟ್ಟ ಸುದ್ದಿ ಎನ್ನುವುದೇ ಇಲ್ಲ, ಸರಿಯಾದ ಬಣ್ಣ ಬಳಿಯದ ಸುದ್ದಿಗಳಿವೆ ಅಷ್ಟೇ. ಆಕೆ ತಂದಿದ್ದು ಒಂದೇ ಫೋಟೋ, ಅರ್ಧ ಬಿಳಿಯಾದ ಪಟ್ಟಿಯದು. ಅದನ್ನು ಆತ ಇಪ್ಪತ್ತಾರು ಸ್ಲೈಡುಗಳ ನಡುವೆ ಇಪ್ಪತ್ತಮೂರನೆಯದಾಗಿ ಹೂತು, ಮೊದಲನೆಯದಕ್ಕೆ ನಗುತ್ತಿರುವ ದಾದಿಯೊಬ್ಬಳ ಚಿತ್ರ ಹಾಕಿದ.

"ಜನ ಹೆದರಬಾರದು ಮೇಡಂ. ಕ್ಯಾಮೆರಾದ ಕಣ್ಣನ್ನೇ ನೋಡ್ತಾ, ನಗ್ತಾ ಮಾತಾಡಿ."

"ಅವರ ಮುಖ ಎಲ್ಲಿ ಕಾಣುತ್ತೆ?"

"ಸ್ಲೈಡು ಹಾಕಿದ ಮೇಲೆ ಮುಖ ಕಾಣಲ್ಲ. ಅದರ ಅಗತ್ಯಾನೂ ಇಲ್ಲ."

"ಮುಖ ಕಾಣದೆ ಅವರಿಗೆ ಅರ್ಥ ಆಯ್ತೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು?"

"ಕೊನೇಲಿ ಚಪ್ಪಾಳೆಯ ಚಿತ್ರ ಒತ್ತುತ್ತಾರಲ್ಲ ಮೇಡಂ!"

ಸಭೆ ನಡೆಯಿತು. ಹನ್ನೊಂದು ನಿಮಿಷ ಆಕೆ ಮಾತಾಡಿದಳು. ಮುಗಿದಾಗ ಐದು ಚಪ್ಪಾಳೆಗಳು ಪರದೆಯ ಮೂಲೆಯಲ್ಲಿ ಗುಳ್ಳೆಯಂತೆ ಎದ್ದು ಮಾಯವಾದವು. "ಬಹಳ ಚೆನ್ನಾಗಿ ವಿವರಿಸಿದ್ರಿ. ಮುಂದಿನ ಸಭೇಲಿ ಪರಿಶೀಲಿಸೋಣ," ಎಂದರು ಅಧ್ಯಕ್ಷರು. ನಾನು ನಡಾವಳಿಯಲ್ಲಿ "ಪ್ರಸ್ತುತಿಯನ್ನು ಸಮಿತಿಯು ಗಮನವಿಟ್ಟು ಆಲಿಸಿತು" ಎಂದು ನಮೂದಿಸಿದೆ. ಬರೆದೆ ಎನ್ನುವುದೂ ಸುಳ್ಳು. ಆ ವಾಕ್ಯವನ್ನು ನಾನೆಂದೂ ಬರೆದವನಲ್ಲ, ಹಳೆಯ ನಡಾವಳಿಯಿಂದ ಎತ್ತಿ ಹೊಸದಕ್ಕೆ ಅಂಟಿಸುತ್ತಿದ್ದೆ.

ಎರಡು ದಿನದ ಮೇಲೆ ಹಬೆಯಕ್ಕ ಭುಜದಿಂದ ಬಾಗಿಲು ನೂಕಿಕೊಂಡು ನನ್ನ ಕೋಣೆಗೆ ಬಂದಳು. ತಾನು ಎಲ್ಲಿ ತಪ್ಪಿದೆ, ಯಾಕೆ ಅವರಿಗೆ ನಾಟಲಿಲ್ಲ ಎಂದು ತಿಳಿಯಬೇಕು, ಸಭೆಯ ರೆಕಾರ್ಡಿಂಗ್ ತೋರಿಸಿ ಎಂದಳು. ತೋರಿಸಿದೆ. ನಾಲ್ಕನೆಯ ನಿಮಿಷದಲ್ಲಿ ಸ್ಲೈಡು ಬದಲಿಸಲು ಆಕೆ ಎಂದಿನಂತೆ ಬೆರಳ ಗಿಣ್ಣಿನಿಂದ ಒತ್ತಿದಳು, ಗಿಣ್ಣು ಪಕ್ಕದ ಗುಂಡಿಗೂ ತಾಗಿತು, ಧ್ವನಿ ನಿಂತಿತು. ತುಟಿಗಳು ಮಾತ್ರ ಆಡುತ್ತಿದ್ದವು. ವಾಪಸು ಬಂದ ಮೂರು ಗಂಟುಗಳು, ಮೇಜಿನ ಮೇಲಿದ್ದ ರೋಗಿ, ಬಿಳಿಯಾಗಿಯೇ ಉಳಿದ ಪಟ್ಟಿ, ಎಲ್ಲವೂ ಆ ತುಟಿಗಳಲ್ಲಿ ಮೂಡಿ ಅಲ್ಲೇ ಸತ್ತವು. ನಡುನಡುವೆ ಆಕೆ ಕತ್ತು ಮುಂದಕ್ಕೆ ಚಾಚಿ ಏನೋ ಕೇಳುತ್ತಿದ್ದಳು, ಅದು "ನೋಡಿದ್ರಾ?" ಎಂದು ತಿಳಿಯಲು ಧ್ವನಿ ಬೇಕಿರಲಿಲ್ಲ. ಹನ್ನೊಂದನೆಯ ನಿಮಿಷದಲ್ಲಿ ಗಿಣ್ಣು ಮತ್ತೆ ಅದೇ ಗುಂಡಿಗೆ ತಾಗಿ, "ಇಷ್ಟೇ ನಾನು ಹೇಳೋದು" ಎಂಬ ಕಡೆಯ ಮಾತುಗಳು ಮಾತ್ರ ಕೇಳಿದವು. ಅದಕ್ಕೆ ಚಪ್ಪಾಳೆ! ಅದಕ್ಕೆ "ಬಹಳ ಚೆನ್ನಾಗಿ ವಿವರಿಸಿದ್ರಿ"!

ಆಕೆ ಅಷ್ಟನ್ನೂ ನೋಡಿದಳು, ಎದೆಯ ಮುಂದಿನ ಅಂಗೈಗಳನ್ನು ಇಳಿಸದೆ.

"ಏಳು ನಿಮಿಷ. ಒಬ್ಬರೂ ಹೇಳ್ಲಿಲ್ವಲ್ಲ." ಆಮೇಲೆ ನನ್ನತ್ತ ತಿರುಗಿ, "ನೀವೆಲ್ಲಿದ್ರಿ ಗುಮಾಸ್ತರೇ?"

ಆ ಹೊತ್ತಿನಲ್ಲಿ ನಾನು ಇನ್ನೊಂದು ಕಿಟಕಿ ತೆರೆದುಕೊಂಡು ಚಪ್ಪಲಿ ಆರಿಸುತ್ತಿದ್ದೆ. ಕಂದು ಬಣ್ಣದ್ದು ಚೆನ್ನೋ ಕಪ್ಪು ಬಣ್ಣದ್ದೋ ಎಂಬ ಚಿಂತೆಯಲ್ಲಿದ್ದೆ. ಅದನ್ನು ಹಾಗೆಯೇ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು, ಆಕೆ ಬೈಯಲಿಲ್ಲ. ಉಳಿದ ಹನ್ನೊಂದು ಜನ ಏನು ಮಾಡುತ್ತಿದ್ದರೋ ನಾನರಿಯೆ. ಜೀವದ ಪ್ರಶ್ನೆ ಎಂದು ಒಬ್ಬಳು ಗಂಟಲು ಹರಿದುಕೊಳ್ಳುತ್ತಿರುವಾಗ, ಅವಳಿಗೆ ಗಂಟಲೇ ಇಲ್ಲದಂತಾಗಿದೆ ಎಂಬುದನ್ನು ಕೂಡ ಗಮನಿಸದ ಹನ್ನೆರಡು ಮಂದಿ ವಿದ್ಯಾವಂತರು! ನೆಲಮಾಳಿಗೆಯ ಗೋಡೆಗೆ ಹೇಳಿದ್ದರೂ ಅದು ಇಷ್ಟು ಅವಮಾನ ಮಾಡುತ್ತಿರಲಿಲ್ಲ. ಗೋಡೆ ಚಪ್ಪಾಳೆ ತಟ್ಟುವುದಿಲ್ಲ.

ಮುಂದಿನ ಸಭೆಗೆ ಮೂರು ವಾರವಿತ್ತು. ಯಂತ್ರ ನಿಲ್ಲಿಸುವ ಅಧಿಕಾರ ಆಕೆಗಿಲ್ಲ. ದೊಡ್ಡ ಗಂಟುಗಳನ್ನೆಲ್ಲ ಒಂದನೆಯ ಯಂತ್ರಕ್ಕೆ ಹಾಕಿಸಿ, ಎರಡನೆಯದಕ್ಕೆ ಬಿಡಿ ಸಾಮಾನು ಮಾತ್ರ ಕೊಟ್ಟು, ಬೆಳಿಗ್ಗೆಯ ಪಾಳಿಯ ಜೊತೆಗೆ ಮಧ್ಯಾಹ್ನದ ಪಾಳಿಯನ್ನೂ ತಾನೇ ನಿಂತು ನೋಡಿಕೊಂಡಳು. ಮುಂಗೈ ಮೇಲೆ ಸುಟ್ಟ ಗಾಯಗಳು ಎದ್ದವು. "ಒಂದು ದಿನ ನಂಗೆ ಜ್ವರ ಬಂದ್ರೆ ಯಾರು ನೋಡ್ತಾರೆ?" ಎನ್ನುವುದೊಂದೇ ಆಕೆಯ ಕೊರಗು. ಇತ್ತ ಪ್ರಚಾರಾಧಿಕಾರಿ ಸ್ಲೈಡುಗಳನ್ನು ಮೂವತ್ತಕ್ಕೆ ಏರಿಸೋಣವೆಂದು ಸಲಹೆ ಕೊಟ್ಟ. ಆಕೆ ಅವನ ಮುಖ ನೋಡಿ, ಮೆಟ್ಟಿಲಿಳಿದು ಹೋದಳು.

ಪಾಪಪ್ರಜ್ಞೆಯಿಂದ ಒಂದು ಭಾನುವಾರ ನಾನೇ ಲ್ಯಾಪ್‌ಟಾಪ್ ಹೊತ್ತು ಆಕೆಯ ಮನೆಗೆ ಹೋದೆ, ತಾಲೀಮು ಮಾಡಿಸುತ್ತೇನೆಂದು. ಅಡುಗೆಮನೆಯಲ್ಲಿ ಫೋನು ಹಿಡಿದು ಆಕೆ, ನಡುಮನೆಯಲ್ಲಿ ಪರದೆಯ ಮುಂದೆ ಸಮಿತಿಯಾಗಿ ನಾನು ಮತ್ತು ಆಕೆಯ ಅತ್ತೆ. ಎಂಬತ್ತರ ಹತ್ತಿರದ ಹೆಂಗಸು, ಒಂದು ಕಿವಿ ಪೂರ್ತಿ ಮಂದ, ಹಿಂದಿನ ವರ್ಷ ನಮ್ಮ ಆಸ್ಪತ್ರೆಯಲ್ಲೇ ಮಂಡಿಯ ಶಸ್ತ್ರಚಿಕಿತ್ಸೆ ಆಗಿತ್ತು. ಮೂರು ನಿಮಿಷ ಕೇಳಿಸಿಕೊಂಡ ಮುದುಕಿ ಪರದೆಯನ್ನು ಬಿಟ್ಟು ಅಡುಗೆಮನೆಯ ಕಡೆಗೆ ಕೂಗಿದರು:

"ಅಲ್ವೇ, ನನ್ನ ಮಂಡಿ ಕೊಯ್ದ ಕತ್ತೀನ ಯಾವುದರಲ್ಲಿ ಬೇಯಿಸಿದ್ದೆ?"

"ಒಂದನೇದ್ರಲ್ಲಿ ಅತ್ತೆ."

"ಎರಡನೇದ್ರಲ್ಲಿ ಆಗಿದ್ದಿದ್ರೆ?"

ಹಬೆಯಕ್ಕ ಬಾಗಿಲಿಗೆ ಬಂದು ನಿಂತಳು.

"ಅದನ್ನ ಮೊದ್ಲು ಹೇಳು. ನಾನು ಕೇಳ್ತೀನಿ. ಮಿಕ್ಕಿದ್ದು ಯಾರಿಗೆ ಬೇಕು?" ಎಂದರು ಅತ್ತೆ. ಇಪ್ಪತ್ತಾರು ಸ್ಲೈಡುಗಳು ಆ ಕ್ಷಣವೇ ತೀರಿಕೊಂಡವು.

ಎರಡನೆಯ ಸಭೆಗೆ ನಾಲ್ಕು ದಿನ ಮುಂಚೆ, ಶಾಖೆಗಳಿಗೆ ಓಡಾಡುವ ಆಸ್ಪತ್ರೆಯ ವ್ಯಾನಿನಲ್ಲಿ ಹನ್ನೊಂದು ಲಕೋಟೆಗಳು ಹೋದವು. ಪ್ರತಿ ಲಕೋಟೆಯ ಬಾಯಿಗೆ ಕಪ್ಪು ಗೆರೆ ಮೂಡಿದ ಅಂಟುಪಟ್ಟಿ, ಅದರ ಪಕ್ಕದಲ್ಲಿ ಒಂದು ತಾರೀಖು, ಕೆಳಗೆ ಆಕೆಯ ದುಂಡನೆಯ ಅಕ್ಷರದಲ್ಲಿ, "ಸಭೆಯಲ್ಲಿ ನಾನು ಹೇಳುವವರೆಗೆ ತೆರೆಯಬೇಡಿ." ಸಭೆಯ ದಿನ ಆಕೆ ಸ್ಲೈಡು ಹಾಕಲಿಲ್ಲ. ಕೋಟು ತೊಟ್ಟು, ಪರದೆಯ ಮುಂದೆ ನಿಂತೇ ಶುರುಮಾಡಿದಳು.

"ನನ್ನ ಧ್ವನಿ ಕೇಳಿಸ್ತಾ ಇದೆಯಾ? ಒಬ್ಬೊಬ್ಬರಾಗಿ ಹೇಳಿ."

ಎಂಟು ಜನ ಹೇಳಿದರು. ಮೂರು ಹೆಸರುಗಳು ಸುಮ್ಮನಿದ್ದವು. ಆಕೆಯೂ ಸುಮ್ಮನೆ ನಿಂತಳು. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು.

"ಮುಂದುವರಿಸಮ್ಮ, ಸಮಯ ಇಲ್ಲ," ಎಂದರು ಅಧ್ಯಕ್ಷರು.

"ನಂದು ನಾಲ್ಕೇ ಮಾತು ಸಾರ್. ಆದ್ರೆ ಕೇಳೋಕೆ ಜನ ಇರಬೇಕು."

ನಾನು ಮೂವರಿಗೂ ಫೋನು ಮಾಡಿದೆ. ಇಬ್ಬರು ಎಲ್ಲಿಂದಲೋ ಓಡಿಬಂದರು. ಮೂರನೆಯವರು ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು, ಗಡ್ಡ ಹೆರೆಯುವ ಕತ್ತಿ ಹಿಡಿದೇ ಪರದೆಗೆ ಬಂದರು. ಯಾರೂ ನಗಲಿಲ್ಲ. ಆಗ ಆಕೆ ಹೇಳಿದಳು: "ಎಲ್ಲರೂ ಲಕೋಟೆ ಬಿಚ್ಚಿ. ಒಳಗಿರೋ ಪಟ್ಟೀನ ಕ್ಯಾಮೆರಾಕ್ಕೆ ಹಿಡೀರಿ."

ಪಟ್ಟಿ ಹಿಡಿಯಬೇಕಾದರೆ ಕ್ಯಾಮೆರಾ ತೆರೆಯಲೇಬೇಕು. ಎಷ್ಟೋ ತಿಂಗಳ ಮೇಲೆ ಆ ಸಭೆಯಲ್ಲಿ ಹನ್ನೊಂದು ಮುಖಗಳು ಒಟ್ಟಿಗೆ ಕಂಡವು. ಏಳು ಪಟ್ಟಿಗಳು ಕಪ್ಪು. ನಾಲ್ಕು ಅರ್ಧಕ್ಕರ್ಧ ಬಿಳಿ. ಆ ನಾಲ್ಕರಲ್ಲಿ ಒಂದು ಅಧ್ಯಕ್ಷರ ಕೈಯಲ್ಲಿತ್ತು.

"ಹನ್ನೊಂದು ದಿನ ಎರಡನೇ ಯಂತ್ರದಲ್ಲಿ ಪರೀಕ್ಷೆಗೆ ಅಂತ ಇಟ್ಟ ದೊಡ್ಡ ಗಂಟುಗಳ ಒಳಗಿಂದ ತೆಗೆದ ಪಟ್ಟಿಗಳು ಇವು. ಆರಿಸಿ ಕಳಿಸಿಲ್ಲ, ತಾರೀಖಿನ ಪ್ರಕಾರ ಹಂಚಿದ್ದೀನಿ. ಲಕೋಟೆ ಮೇಲಿನ ಗೆರೆ ಎಲ್ಲರದ್ದೂ ಕಪ್ಪೇ. ಪಟ್ಟಿ ಬಿಳಿ ಇರೋರು ಒಂದು ಮಾತು ಹೇಳಿ ಸಾಕು. ಆ ಗಂಟಿನ ಕತ್ತರಿ ನಿಮ್ಮ ಹೊಟ್ಟೆ ಕೊಯ್ಯೋಕೆ ಆಗುತ್ತಾ? ನಿಮ್ಮ ತಾಯಿ ಮಂಡಿಗೆ ಆಗುತ್ತಾ?"

ಅಧ್ಯಕ್ಷರು ಪಟ್ಟಿಯನ್ನು ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ ನೋಡಿದರು. ಯಂತ್ರವನ್ನು ಅಂದೇ ಮುಚ್ಚುವ ತೀರ್ಮಾನಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಗೆದ್ದವರು ಅಲ್ಲಿಗೆ ಕೈಮುಗಿದು ಎದ್ದುಬಿಡುತ್ತಾರೆ. ಈಕೆ ಏಳಲಿಲ್ಲ.

"ಇನ್ನೊಂದಿದೆ ಸಾರ್. ಹೋದ ಸಭೆಯ ನಡಾವಳೀಲಿ 'ಗಮನವಿಟ್ಟು ಆಲಿಸಿತು' ಅಂತಿದೆ. ಅವತ್ತು ಏಳು ನಿಮಿಷ ನನ್ನ ಧ್ವನೀನೇ ಇರ್ಲಿಲ್ಲ. ಆಲಿಸಿದೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಕ್ಯಾಮೆರಾಗಳು ಮಾತ್ರ ಇನ್ನೂ ತೆರೆದಿದ್ದವು, ಮರೆಯಾಗಲು ಯಾರಿಗೂ ಧೈರ್ಯವಿರಲಿಲ್ಲ. "ಈಗ ಅದೆಲ್ಲ ಯಾಕಮ್ಮ, ಕೆಲಸ ಆಯ್ತಲ್ಲ," ಎಂದು ಅಧ್ಯಕ್ಷರು ಸಮಾಧಾನಕ್ಕೆ ಹೊರಟರು. ಸಭೆಯಲ್ಲಿ ಬಾಯಿಬಿಡುವ ಪದ್ಧತಿ ಗುಮಾಸ್ತನಿಗಿಲ್ಲ. ಆದರೂ ಬಿಟ್ಟೆ: "ಅದನ್ನ ಬರೆದವನು ನಾನು ಸಾರ್. ನಾನೂ ಕೇಳಿರಲಿಲ್ಲ. ತಿದ್ದಬೇಕು." ಅಂದಿನ ನಡಾವಳಿಯಲ್ಲಿ, ಹದಿನಾರು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ, ಎಲ್ಲಿಂದಲೂ ಎತ್ತಿ ಅಂಟಿಸದ ಒಂದು ವಾಕ್ಯವನ್ನು ಬರೆದೆ: "ಹಿಂದಿನ ಸಭೆಯ ಪ್ರಸ್ತುತಿಯನ್ನು ಯಾರೂ ಆಲಿಸಿರಲಿಲ್ಲ." ಹಬೆಯಕ್ಕ ಮೂರು ಅಂತಸ್ತು ಹತ್ತಿ ಬಂದು, ಅದನ್ನು ಕಣ್ಣಾರೆ ಓದಿ, ತಲೆಯಾಡಿಸಿ ಕೆಳಗಿಳಿದು ಹೋದಳು.

ಇಂಥವರು ಎಲ್ಲ ಕಚೇರಿಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಮಾತು ಬಾರದವರು, ಕಾಲಕ್ಕೆ ಹೊಂದದವರು, ಸಣ್ಣದನ್ನು ಬಿಡದವರು ಎಂದು ನಾವು ಅವರ ಬೆನ್ನ ಹಿಂದೆ ಮೂಗು ಮುರಿಯುತ್ತೇವೆ. ಅವರಿಗೆ ನಗುವುದನ್ನು, ಸ್ಲೈಡು ಜೋಡಿಸುವುದನ್ನು, ಕೈ ಆಡಿಸದಿರುವುದನ್ನು ಕಲಿಸಹೊರಡುತ್ತೇವೆ. ಹೇಳುವ ಕಲೆಗೆ ಇಷ್ಟು ಪಾಠಗಳನ್ನು ಕಟ್ಟಿಕೊಂಡ ನಾವು ಕೇಳುವವರಿಗೆ ಒಂದೂ ಪಾಠ ಇಟ್ಟಿಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಇವರ ಪ್ರಶ್ನೆ ಬಹಳ ಚಿಕ್ಕದು: ಆ ಕಡೆ ಯಾರಾದರೂ ಇದ್ದೀರಾ? ಇದಕ್ಕೆ ಪ್ರಾಮಾಣಿಕವಾಗಿ ಹೌದೆನ್ನಲಾಗದವರೇ ಇವರನ್ನು ಹಟಮಾರಿಗಳೆಂದು ಕರೆಯುವುದು. ನಾನೂ ಕರೆಯುತ್ತಿದ್ದೆ, ಚಪ್ಪಲಿ ಆರಿಸುತ್ತಾ.